ತಪ್ಪು ನಮ್ಮದೇ ಎಂದು ಹಠ ಹಿಡಿದವರು

ಎಂಬತ್ತು ಪೌಂಡ್. ಕಾರಿನ ಇನ್ಶೂರೆನ್ಸಿಗೆ ಅಷ್ಟು ಹೆಚ್ಚಿಗೆ ಕಟ್ಟಿದರೆ, ನಾಳೆ ಕಾರು ಎಲ್ಲಾದರೂ ಗುದ್ದಿ ನಾವು ಕ್ಲೇಮ್ ಮಾಡಿದರೂ, ಇಷ್ಟು ವರ್ಷ ಕ್ಲೇಮ್ ಮಾಡದೆ ಗಳಿಸಿದ ಕಂತಿನ ರಿಯಾಯಿತಿ ಉಳಿಯುತ್ತದೆ. ಬರ್ಮಿಂಗ್‌ಹ್ಯಾಮಿನಲ್ಲಿ ಸೀರೆ ಅಂಗಡಿ ಇಟ್ಟು ತಲೆ ನರೆಸಿಕೊಂಡವನು ನಾನು. ಬೇಡದ ಮಾಲಿಗೆ ದುಡ್ಡು ಬಿಚ್ಚುವುದಿಲ್ಲ. ಹಾಗಾಗಿ ಇನ್ಶೂರೆನ್ಸ್ ರಿನ್ಯೂವಲ್ ಬಂದಾಗಲೆಲ್ಲ ನಮ್ಮ ಮನೆಯಲ್ಲಿ ಏನಾದರೊಂದು ಆಗಿಯೇ ಆಗುತ್ತದೆ.

ಗೀರಿಲ್ಲದ ಕಾರು

"ಇಷ್ಟು ವರ್ಷದಾಗ ಕಾರಿಗೆ ಒಂದು ಗೀರು ಬಿದ್ದದೇನು? ಎಂಬತ್ತು ಯಾಕ ಕೊಡಬೇಕು?" ಎಂದು ಹೋದ ವರ್ಷ ಹೆಂಡತಿಯ ಮುಂದೆ ಮೀಸೆ ತಿರುವಿದೆ.

ಶೇಂಗಾ ಹುರಿಯುತ್ತಿದ್ದವಳು ತಿರುಗಿಯೂ ನೋಡಲಿಲ್ಲ. "ಗೀರು ಬೀಳಬೇಕಂದ್ರ ಎಲ್ಲಿಗರೆ ಹೋಗಬೇಕಲ್ರಿ? ಅಂಗಡಿ, ಮನಿ. ಮನಿ, ಅಂಗಡಿ. ಕುಂತು ನಮ್ಮ ಮಾತು ಆಡಾಕ ಈ ಊರಾಗ ಒಂದು ಮನಿ ಅದ ಏನು ನಮಗ? ಮಕ್ಕಳನ್ನ ಕರದ್ರ ಇಂಗ್ಲಿಷಿನಾಗ ಓ ಅಂತಾವ. ಕಾರು ಮಾರಿ ಊರಿಂದ ಒಂದು ಎತ್ತು ತರಿಸ್ರಿ. ಅದಕ್ಕರೆ ಕನ್ನಡ ತಿಳೀತದ."

ಫೋನಿನ ಹುಡುಗಿ

ಎಂಬತ್ತು ಕಟ್ಟದೆಯೇ ರಿನ್ಯೂ ಮಾಡಿಸಲು ಫೋನ್ ಹಚ್ಚಿದೆ. ಅಂಗಡಿಗೆ ಓಡಾಡುವುದನ್ನು ಬರೆದುಕೊಂಡ ಹುಡುಗಿ ಕೇಳಿದಳು: "ಜೊತೆಗೆ ಸೋಶಿಯಲ್, ಡೊಮೆಸ್ಟಿಕ್, ಪ್ಲೆಷರ್, ಮೂರಕ್ಕೂ ಬಳಸುತ್ತೀರಾ?" ಅಂದರೆ ಮಂದಿಯ ಮನೆಗೆ ಹೋಗಿಬರಲು, ಮನೆಗೆಲಸಕ್ಕೆ, ಮೋಜಿಗೆ.

ಪಕ್ಕದಲ್ಲಿದ್ದ ಹೆಂಡತಿ ಪಿಸುಗುಟ್ಟಿದಳು: "ಡೊಮೆಸ್ಟಿಕ್ ಒಂದ ಅಂತ ಹೇಳ್ರಿ. ಉಳದೆರಡು ನಮ್ಮ ಮದುವಿ ಆದಾಗಿಂದ ಶುರುನ ಆಗಿಲ್ಲ. ರೊಕ್ಕ ಕಡಿಮಿ ಮಾಡ್ತಾರೇನ್ ಕೇಳ್ರಿ."

ಸೆಲ್ಲಿ ಓಕಿನ ಗುದ್ದು

ಮರು ತಿಂಗಳೇ, ನಮ್ಮೂರಿನದೇ ಬಡಾವಣೆ ಸೆಲ್ಲಿ ಓಕಿನ ಕಾರ್ ಪಾರ್ಕಿನಲ್ಲಿ ನಾನು ಹಿಂದಕ್ಕೆ ತೆಗೆಯುವುದಕ್ಕೂ, ಎದುರಿನವನು ಹಿಂದಕ್ಕೆ ತೆಗೆಯುವುದಕ್ಕೂ ಸರಿಹೋಯಿತು. ಢಬ್! ಬಂಪರಿಗೆ ಬಂಪರು.

ಈ ದೇಶದಲ್ಲಿ ಇಂಥ ಹೊತ್ತಿನಲ್ಲಿ ಸಾರಿ ಅನ್ನಬಾರದು. ಅಂದರೆ ತಪ್ಪು ಒಪ್ಪಿಕೊಂಡಂತೆ. ತುಟಿ ಬಿಗಿಹಿಡಿದು ಇಳಿದೆ. ಆತ ತನ್ನ ಬಂಪರ್ ನೋಡಿ ಹಣೆ ಬಡಿದುಕೊಂಡ: "ಅಯ್ಯ ಶಿವನ!"

ನನ್ನ ಹೆಂಡತಿ ಜಿಗಿದಿಳಿದಳು. "ಯಾವೂರ್ರಿ ನಿಮ್ಮದು?"

"ಗದಗರೀ. ಇಲ್ಲೇ ಆಸ್ಪತ್ರಿಯೊಳಗ ಡಾಕ್ಟರ್ ಇದ್ದೀನಿ. ತಪ್ಪು ನಂದರೀ ಅಕ್ಕಾರ."

"ಛೇ, ಛೇ, ನಮ್ಮವರೇ ಹಿಂದ ನೋಡಲಿಲ್ಲ!" ಅವಳ ಕಾಲು ತುಳಿದೆ. ಪ್ರಯೋಜನವಾಗಲಿಲ್ಲ.

ಅಷ್ಟರಲ್ಲಿ ಡಾಕ್ಟರ ಹೆಂಡತಿಯೂ ಇಳಿದಳು. ಖಾನಾವಳಿಯಲ್ಲಿ ಬಿಲ್ಲಿಗೆ ಕಿತ್ತಾಡುವ ಬೀಗರ ಹಾಗೆ ಶುರುವಾಯಿತು. "ನಮ್ಮ ಇನ್ಶೂರೆನ್ಸಿಗೆ ಹಚ್ಚರಿ." "ಏ, ಬಿಡ್ರಿ, ನಮ್ಮದಕ್ಕ ಹಚ್ಚರಿ." ಸಾಕ್ಷಿ ಹೇಳಲು ಬಂದ ಇಂಗ್ಲಿಷ್ ಮುದುಕ, "ತಪ್ಪು ಯಾರದು?" ಎಂದ. ನನ್ನನ್ನು ಬಿಟ್ಟು ಮೂರೂ ಜನ ಎದೆ ಮುಟ್ಟಿಕೊಂಡರು. ಗಾಬರಿಯಾಗಿ ಹೊರಟೇಹೋದ.

ಕೊನೆಗೆ ವ್ಯಾಪಾರಸ್ಥ ನಾನೇ ರಾಜಿ ಮಾಡಿಸಿದೆ: ಕಂಪನಿಗಳಿಗೆ ತಿಳಿಸೋಣ, ಕ್ಲೇಮ್ ಯಾರೂ ಮಾಡುವುದು ಬೇಡ, ಅವರವರ ತಗ್ಗು ಅವರವರೇ ರಿಪೇರಿ ಮಾಡಿಸೋಣ. ರೊಟ್ಟಿ ಊಟ ಯಾರ ಮನೆಯಲ್ಲಿ ಎಂಬುದು ಮಾತ್ರ ಇತ್ಯರ್ಥವಾಗದೆ, ಈಗ ಒಂದು ಭಾನುವಾರ ಅಲ್ಲಿ, ಒಂದು ಭಾನುವಾರ ಇಲ್ಲಿ.

ಈ ವರ್ಷ ಮತ್ತೆ ಫೋನ್ ಹಚ್ಚಿದಾಗ ಹೆಂಡತಿ ರಿಸೀವರಿಗೇ ಬಾಯಿ ಹಚ್ಚಿದಳು: "ಮೂರೂ ಬರಕೊಳ್ಳವಾ!" ನಾನೂ ಚೌಕಾಸಿ ಮಾಡದೆ ಆ ಎಂಬತ್ತು ಸೇರಿಸಿದೆ, ಕಾರು ಈಗ ತಿರುಗಾಡುತ್ತದಲ್ಲ.

ಒಟ್ಟು ಲೆಕ್ಕ: ಹೋದದ್ದು ಎಂಬತ್ತು ಪೌಂಡು, ಒಂದು ಬಂಪರು. ಬಂದದ್ದು, ಹೋಗಲಿಕ್ಕೆ ಒಂದು ಮನೆ.