ಒಂದು ಕಣ್ಣು ಬಿಳಿ, ಒಂದು ಕಣ್ಣು ಹಳದಿ

ನಾನು ಸುಮ್ಮನಿದ್ದರೂ ನನ್ನ ಜೀಪು ಸುಮ್ಮನಿರುತ್ತಿರಲಿಲ್ಲ. ಎರಡು ಸಾವಿರದ ದಶಕದ ಆರಂಭ. ದಿಲ್ಲಿಯ ಆರ್.ಕೆ.ಪುರಂ ಸರ್ಕಾರಿ ಕ್ವಾರ್ಟರ್ಸಿನಲ್ಲಿ ಎಲ್ಲರೂ ಪುಟ್ಟ ಕಾರು ಕೊಳ್ಳುತ್ತಿದ್ದಾಗ ನಾನು ಹಳೆಯ ಫೋರ್ ವ್ಹೀಲ್ ಡ್ರೈವ್ ಜೀಪು ಕೊಂಡೆ. ಬೆಟ್ಟ ಹತ್ತುವ ಗಾಡಿ ಅದು. ಪಾಪ, ನನ್ನ ಕೈಲಿ ಅದು ಹತ್ತಿದ್ದು ಬರೀ ಸ್ಪೀಡ್ ಬ್ರೇಕರು. ಕೊನೆಗೆ ಹೆಂಡತಿ ಗಡುವು ಕೊಟ್ಟಳು: "ರಾಜ್ಯೋತ್ಸವದ ನಾಟಕ ಮುಗಿದ ಮೇಲೆ ಇದು ಮನೆ ಮುಂದೆ ಇರಕೂಡದು. ಮಾರಿಬಿಡಿ." ಮಂಕಾಗಿದ್ದ ಹೆಡ್‌ಲೈಟು ಬದಲಿಸಿದರೆ ಅವಳ ಮನಸ್ಸೂ ಬದಲಾದೀತೆಂದು ಹೊರಟೆ.

1. ಕಮಿಟಿ

ಕರೋಲ್ ಬಾಗಿನ ಬಿಡಿಭಾಗದ ಅಂಗಡಿಯವನು ಬಲ್ಬು ತೋರಿಸಿ ಕೇಳಿದ: "ಸಾಹೇಬ್, ಸಫೇದ್ ಯಾ ಪೀಲಾ?"

ಬಿಳಿಯೋ ಹಳದಿಯೋ ಎಂದು ಸರ್ಕಾರಿ ನೌಕರನನ್ನು ಏಕಾಏಕಿ ಕೇಳಬಾರದು. "ನಾಳೆ ಹೇಳ್ತೀನಿ ಭಯ್ಯಾ" ಎಂದು ಬಂದು, ಆಫೀಸಿನ ಊಟದ ಹೊತ್ತಿನಲ್ಲಿ ವಿಷಯ ಮಂಡಿಸಿದೆ. ನಮ್ಮ ಸಾಹೇಬರು ಧಾರವಾಡದವರು. "ಬಿಳೀದ ಹಾಕ್ರಿ, ದೂರದ ತನಕ ಕಾಣಸ್ತದ" ಎಂದರು. ಪಕ್ಕದ ಮನೆಯ ಸಹೋದ್ಯೋಗಿ ಬಿಡಲಿಲ್ಲ. "ದಿಲ್ಲಿ ಮಂಜಿಗೆ ಹಳದಿಯೇ ಬೇಕು ಸಾರ್." ಒಬ್ಬರು ನನ್ನ ಬಡ್ತಿಗೆ ಶಿಫಾರಸು ಬರೆಯುವವರು, ಇನ್ನೊಬ್ಬರು ನಾವು ಊರಿಗೆ ಹೋದಾಗ ಮನೆಯ ಬೀಗದ ಕೈ ಇಟ್ಟುಕೊಳ್ಳುವವರು. ಯಾರನ್ನು ಎದುರು ಹಾಕಿಕೊಳ್ಳಲಿ?

ಮರುದಿನ ಹೋಗಿ, "ಒಂದು ಬಿಳಿ, ಒಂದು ಹಳದಿ ಕೊಡು. ಎರಡೂ ನೂರು ವ್ಯಾಟ್" ಎಂದೆ.

ಅಂಗಡಿಯವನು ನನ್ನನ್ನು ಮೇಲಿಂದ ಕೆಳಗೆ ನೋಡಿ ಕೇಳಿದ: "ಸರ್ಕಾರಿ ನೌಕರಿ ಹೈ ಕ್ಯಾ?"

2. ಮಡಿ

ಈ ಹ್ಯಾಲೊಜೆನ್ ಬಲ್ಬಿನ ಗಾಜನ್ನು ಬರಿಗೈಯಲ್ಲಿ ಮುಟ್ಟಬಾರದಂತೆ. ಬೆರಳಿನ ಜಿಡ್ಡು ತಾಗಿದರೆ ಸುಟ್ಟುಹೋಗುತ್ತದೆ. ನಾನು ಸ್ನಾನ ಮಾಡಿ, ಒಗೆದ ಪಂಚೆಯ ತುದಿಯಲ್ಲಿ ಬಲ್ಬು ಹಿಡಿದು, "ಯಾರೂ ಹತ್ತಿರ ಬರಬೇಡಿ, ಮುಟ್ಟಬೇಡಿ" ಎನ್ನುತ್ತಾ ಅಂಗಳ ದಾಟಿದೆ.

ಹೆಂಡತಿ ಬಾಗಿಲಲ್ಲಿ ನಿಂತು ನೋಡುತ್ತಿದ್ದಳು. "ಮಾವನವರ ತಿಥಿ ದಿನವೂ ಇಷ್ಟು ಮಡಿ ಮಾಡಿದವರಲ್ಲ ನೀವು!"

ಲೈಟು ಹಾಕಿ ತೋರಿಸಿದೆ. ಹೊಗಳುತ್ತಾಳೆಂದು ಕಾದೆ.

"ಒಂದು ಕಣ್ಣಿಗೆ ಕಾಮಾಲೆ ಆಗಿದೆ" ಎಂದು ಒಳಗೆ ಹೋದಳು.

3. ಅಪಹರಣ

ನಾಟಕದ ದಿನ ಬಂತು. ಕ್ವಾರ್ಟರ್ಸಿನ ಮೈದಾನದಲ್ಲಿ ವೇದಿಕೆ. ನಮ್ಮವರೇ ಬರೆದ ನಾಟಕ. ನನ್ನ ಹೆಂಡತಿ ರಾಜಕುಮಾರಿ. ಹಳದಿ ಬಲ್ಬಿನ ಪರ ವಾದಿಸಿದ್ದ ಪಕ್ಕದ ಮನೆಯವರೇ ಅವಳನ್ನು ಹೊತ್ತೊಯ್ಯುವ ರಾಕ್ಷಸ. ಬಿಡಿಸಿ ತರುವ ರಾಜಕುಮಾರ ಆಫೀಸಿನ ಒಬ್ಬ ಹುಡುಗ. ಪರದೆ ಏಳುವಷ್ಟರಲ್ಲಿ ಕರೆಂಟು ಹೋಯಿತು.

ಎರಡು ತಿಂಗಳು ಮಾತು ಬಾಯಿಪಾಠ ಮಾಡಿದ್ದ ಹೆಂಡತಿಗೆ ಅಳುವೇ ಬಂತು. ಕಿರೀಟ ಹಿಡಿದುಕೊಂಡು ಓಡಿಬಂದಳು: "ರೀ, ಜೀಪು ತನ್ನಿ!"

ಆ ಮಾತು ಕೇಳಿ ನನಗಾದ ಖುಷಿ ಅಷ್ಟಿಷ್ಟಲ್ಲ. ಜೀಪನ್ನು ಕುರ್ಚಿಗಳ ನಡುವಿನ ದಾರಿಯಲ್ಲಿ ವೇದಿಕೆಯ ಎದುರು ನಿಲ್ಲಿಸಿ, ಸಂಭಾಷಣೆ ಕೇಳಿಸಲೆಂದು ಎಂಜಿನ್ ಆರಿಸಿ, ಲೈಟು ಹಾಕಿದೆ. ಎಡಗಡೆ ಬೆಳ್ಳಗೆ ರಾಜಕುಮಾರಿ, ಬಲಗಡೆ ಹಳದಿ ಬಣ್ಣದ ರಾಕ್ಷಸ. ಸಾಹೇಬರು, "ಭಾಳ ಛಲೋ ಐಡಿಯಾ ಮಾಡೀರಿ!" ಎಂದು ಬೆನ್ನು ತಟ್ಟಿದರು.

ಅಪಹರಣದ ದೃಶ್ಯ. ರಾಕ್ಷಸ ಕೈ ಹಿಡಿದು ಎಳೆದರೂ ರಾಜಕುಮಾರಿ ಅಲುಗಲಿಲ್ಲ. "ಆ ಕಡೆ ಬರಲ್ಲ, ಫೋಟೋದಲ್ಲಿ ಹಳದಿ ಬೀಳ್ತೀನಿ" ಎಂದು ಅವಳು ಪಿಸುಗುಟ್ಟಿದ್ದು ಮೊದಲ ಸಾಲಿಗೆಲ್ಲ ಕೇಳಿಸಿತು. ಎಳೆದಾಟ ಮುಗಿಯುವ ಮೊದಲೇ ನೂರು ವ್ಯಾಟಿನ ಬಲ್ಬುಗಳು ಬ್ಯಾಟರಿಯನ್ನು ಹೀರಿ ಮುಗಿಸಿದವು. ಬೆಳಕು ಮಂಕಾಯಿತು. ಕೀಲಿ ತಿರುಗಿಸಿದರೆ ಎಂಜಿನ್ ಕಿಟಕ್ ಎಂದು ಸುಮ್ಮನಾಯಿತು.

"ತಳ್ಳಿ!" ಎಂದು ಕೂಗಿದೆ.

ರಾಕ್ಷಸ ವೇದಿಕೆಯಿಂದ ಧುಮುಕಿದ. ರಾಜಕುಮಾರಿಯ ಕೈ ಬಿಡುವುದನ್ನು ಮರೆತಿದ್ದರಿಂದ ಅವಳೂ ಬಂದಳು. ಸೀರೆ ಧೂಳಾಗುತ್ತದೆಂದು ನನ್ನ ಪಕ್ಕ ಹತ್ತಿ ಕೂತಳು. ಎದುರಿಗೆ ವೇದಿಕೆ, ಹಿಂದಕ್ಕೇ ಹೋಗಬೇಕು. ರಾಕ್ಷಸ ಬಾನೆಟ್ಟಿಗೆ ಹೆಗಲು ಕೊಟ್ಟು ತಳ್ಳಿದ. ರಿವರ್ಸ್ ಗೇರಿನಲ್ಲಿ ಕ್ಲಚ್ ಬಿಟ್ಟೆ. ಎಂಜಿನ್ ಗುಡುಗಿತು, ಲೈಟು ಝಗ್ ಎಂದಿತು, ಜೀಪು ಹಿಂದು ಹಿಂದಕ್ಕೆ ಓಡಿ ಗೇಟಿನ ಹೊರಗೇ ಹೋಯಿತು.

ಗೇಟಿನಾಚೆ ಹೇಗೋ ನಿಲ್ಲಿಸಿ, ಮೆಲ್ಲಗೆ ಕೇಳಿದೆ: "ಜೀಪು ಮಾರಲೇನೇ?"

ನಕ್ಕು ನಕ್ಕು ಅವಳ ಕಿರೀಟ ಜಾರಿತ್ತು. "ಬೇಡ ರೀ. ಆದ್ರೆ ಎರಡೂ ಬಿಳಿ ಬಲ್ಬ್ ಹಾಕಿಸಿ. ಈಗ ನಡೀರಿ, ರಾಜಕುಮಾರ ಕತ್ತಲಲ್ಲಿ ಕತ್ತಿ ಹಿಡ್ಕೊಂಡು ಕಾಯ್ತಿದ್ದಾನೆ."

ವಾಪಸು ಬಂದಾಗ ಮೈದಾನವೆಲ್ಲ ಚಪ್ಪಾಳೆ. ಮೊದಲ ಸಾಲಿನಲ್ಲಿದ್ದ ಸಾಹೇಬರ ತಾಯಿ ಮಾತ್ರ ಮಗನನ್ನು ಗಟ್ಟಿಯಾಗಿ ಕೇಳುತ್ತಿದ್ದರು: "ಅಲ್ಲೋ, ರಾಕ್ಷಸ ತಳ್ಳಿದ್ದು ಸರಿ. ಆದ್ರ ಹೆಂಡ್ತೀನ್ನ ಕದ್ದೊಯ್ಯೋ ಗಾಡಿ ಗಂಡನೇ ಯಾಕ ಹೊಡದ?"