ಸ್ಮಾರಕದ ಪುಸ್ತಕದಲ್ಲಿ ನನ್ನ ನೌಕರಿ

ನಾನು ಇತಿಹಾಸದ ಸ್ನಾತಕೋತ್ತರ ಪದವೀಧರ. ಊರು ಧಾರವಾಡ. ಬಾಡಿಗೆ ಕೋಣೆ ಅಹಮದಾಬಾದಿನ ವಸ್ತ್ರಾಪುರದಲ್ಲಿ. ಕೆಲಸ, ಗುಜರಾತಿನ ಪ್ರವಾಸಿ ತಂಡಗಳನ್ನು ಯುರೋಪಿನ ಹಳೆಯ ರಣಭೂಮಿಗಳಿಗೆ ಕರೆದೊಯ್ಯುವುದು. ತಂಡದೊಂದಿಗೆ ಅಡುಗೆಯವರೂ ಬರುತ್ತಾರೆ. ಅವರನ್ನು ಎಲ್ಲರೂ ಮಹಾರಾಜ್ ಎನ್ನುತ್ತಾರೆ. ನನ್ನ ನೌಕರಿ ಇನ್ನೂ ಖಾಯಂ ಆಗಿಲ್ಲ. ಅದಕ್ಕೆ ಮಾಲೀಕರ ಷರತ್ತು ಒಂದೇ: ಪ್ರವಾಸಿಗರು ಸ್ವಹಸ್ತದಿಂದ ಬರೆದ ಮೆಚ್ಚುಗೆ. ಇಷ್ಟು ಸರಳವಾದ ಷರತ್ತೂ ನನ್ನ ಪಾಲಿಗೆ ನೆಟ್ಟಗೆ ನಡೆಯುವುದಿಲ್ಲ ಎಂಬುದಕ್ಕೆ ಕಳೆದ ಬೆಲ್ಜಿಯಂ ಪ್ರವಾಸವೇ ಸಾಕ್ಷಿ.

ಮುಖವಾಡ

ಯುದ್ಧ ಸಂಗ್ರಹಾಲಯದ ಗಾಜಿನ ಪೆಟ್ಟಿಗೆಯಲ್ಲಿ ವಿಷಾನಿಲ ತಡೆಯುವ ಮುಖವಾಡವಿತ್ತು. ಸೈನಿಕರು ಉಸಿರುಗಟ್ಟಿ ಸತ್ತ ಬಗೆಯನ್ನು ನಾನು ವಿವರಿಸುತ್ತಿದ್ದೆ. ವಡೋದರಾದ ರಾಸಾಯನಿಕ ಕಾರ್ಖಾನೆಯಿಂದ ನಿವೃತ್ತರಾದ ಕಾಕಾ ನಡುವೆ ತಡೆದರು.

"ಬೇಟಾ, ಇದರ ಪಟ್ಟಿ ಸಡಿಲ. ನಮ್ಮ ಪ್ಲಾಂಟಿನಲ್ಲಿ ಇದನ್ನು ಪಾಸು ಮಾಡುತ್ತಿರಲಿಲ್ಲ."

"ಕಾಕಾ, ಇದು ನೂರು ವರ್ಷ ಹಳೆಯದು."

"ಅಂದರೆ ನೂರು ವರ್ಷದಿಂದ ಯಾರೂ ತಪಾಸಣೆಯನ್ನೇ ಮಾಡಿಲ್ಲ!"

ಪದಕ

ಸೂರತ್ತಿನ ವರಾಛಾದ ವಜ್ರ ವ್ಯಾಪಾರಿ ಜೇಬಿನಿಂದ ಭೂತಗನ್ನಡಿ ತೆಗೆದು ಶೌರ್ಯಪದಕಗಳನ್ನು ಒಂದೊಂದಾಗಿ ಪರೀಕ್ಷಿಸತೊಡಗಿದರು. ಕಾವಲುಗಾರ ಬಂದು ಪಕ್ಕದಲ್ಲೇ ನಿಂತ.

"ಶೇಠ್, ಬಸ್ಸು ಕಾಯುತ್ತಿದೆ."

"ಪಾಲಿಶ್ ಸುಮಾರು," ಎಂದು ಅವರು ಭೂತಗನ್ನಡಿ ಮಡಚಿದರು. "ಇದಕ್ಕೆ ಜೀವ ಕೊಟ್ಟರೇ?"

ನನ್ನ ಒಂದು ಗಂಟೆಯ ಉಪನ್ಯಾಸದ ಸಾರ ಅಷ್ಟೇ ಆಗಿತ್ತು. ಅದಕ್ಕೇ ಸಿಟ್ಟು ಬಂತು.

ಪುಸ್ತಕ

ಕೊನೆಯ ದಿನ ಬಸ್ಸಿನಲ್ಲಿ ಕೈಮುಗಿದು ಹೇಳಿದೆ: "ನನ್ನ ನೌಕರಿ ನಿಮ್ಮ ಕೈಯಲ್ಲಿದೆ. ಮನೆ ತಲುಪುವ ಮೊದಲು ದಯವಿಟ್ಟು ಎರಡು ಸಾಲು ಬರೆಯಿರಿ." ಅದಕ್ಕಾಗಿ ಮುದ್ರಿಸಿದ ಹಾಳೆಗಳು ನನ್ನ ಚೀಲದಲ್ಲಿದ್ದವು.

ಅನಂತರ ಇಳಿದದ್ದು ಸೈನಿಕರ ಸ್ಮಾರಕದಲ್ಲಿ. ಅದರ ಬಾಗಿಲ ಬಳಿ, ಮಡಿದವರಿಗೆ ಸಂದರ್ಶಕರು ನಮನ ಬರೆಯುವ ದಪ್ಪ ಪುಸ್ತಕ. ನಾನು ಹಿಂದಿನಿಂದ ಬಂದು ನೋಡಿದರೆ ಇಡೀ ತಂಡ ಅದರ ಮುಂದೆ ಮೌನವಾಗಿ ಸಾಲುಗಟ್ಟಿತ್ತು. ಕೊನೆಗೂ ಇತಿಹಾಸ ಇವರನ್ನು ಮುಟ್ಟಿತೆಂದು ನನ್ನ ಕಣ್ಣು ತುಂಬಿತು.

ಅಹಮದಾಬಾದಿನ ವಿಮಾನ ನಿಲ್ದಾಣದಲ್ಲಿ ಹಾಳೆ ಹಂಚಲು ಹೋದೆ. ತಂಡದವರೆಲ್ಲ ಮಾಸಿ, ಅಂದರೆ ಚಿಕ್ಕಮ್ಮ, ಎಂದು ಕರೆಯುವ ಹಿರಿಯ ಮಹಿಳೆ ಹುಬ್ಬೇರಿಸಿದರು.

"ಮತ್ತೆ ಯಾಕೆ? ಆ ದೊಡ್ಡ ಪುಸ್ತಕದಲ್ಲಿ ಎಲ್ಲರೂ ಬರೆದೆವಲ್ಲ! 'ಹುಡುಗನಿಗೆ ಸಿಟ್ಟು ಜಾಸ್ತಿ, ಮನಸ್ಸು ಒಳ್ಳೆಯದು. ಖಾಯಂ ಮಾಡಿ. ಖಿಚಡಿಗೆ ಉಪ್ಪು ಕಡಿಮೆ.'"

ನಾನು ಕಾಕಾರತ್ತ ನೋಡಿದೆ.

"ಒಮ್ಮೆ ಪಾಸು ಮಾಡಿದ್ದಕ್ಕೆ ನಾನು ಎರಡನೇ ಸಲ ಸಹಿ ಹಾಕುವುದಿಲ್ಲ, ಬೇಟಾ," ಎಂದು ಅವರು ಟ್ಯಾಕ್ಸಿ ಹತ್ತಿದರು. ಉಳಿದವರೂ ಚದುರಿದರು.

ಮಾಲೀಕರು ಪುರಾವೆ ಕೇಳುತ್ತಿದ್ದಾರೆ. ಆದ್ದರಿಂದ ಓದುಗರಲ್ಲಿ ವಿನಂತಿ: ಬೆಲ್ಜಿಯಂಗೆ ಹೊರಟವರು ಸಿಗುವವರೆಗೆ ಇದನ್ನು ಕೈಯಿಂದ ಕೈಗೆ ದಾಟಿಸಿ. ಅವರು ಗುಜರಾತಿ ಅಕ್ಷರಗಳಿರುವ ಆ ಪುಟದ ಫೋಟೊ ತೆಗೆದು ತರಲಿ. ಖಿಚಡಿಯ ಸಾಲು ಮಾತ್ರ ಬೇಡ. ಅದು ಮಹಾರಾಜರ ನೌಕರಿಯ ಪ್ರಶ್ನೆ.