ನೂರರಿಂದ ಭಾಗಿಸುವ ವೈನಿ

ನಮ್ಮ ವೈನಿ ಮನುಷ್ಯರಿಗಿಂತ ಇಲಿಗಳನ್ನು ಹೆಚ್ಚು ನಂಬುತ್ತಾರೆ. ನಗಬೇಡಿ! ವೈನಿ ಎಂದರೆ ನನ್ನ ಅಣ್ಣನ ಹೆಂಡತಿ. ಮದುವೆಯಾಗಿ ಇಷ್ಟು ವರ್ಷವಾದರೂ ಅಣ್ಣ "ಅಡಗಿ ಛಲೋ ಆಗೇತಿ" ಎಂದರೆ ಅನುಮಾನದಿಂದ ನೋಡುವ ಈ ಹೆಂಗಸು, ಎಲ್ಲೋ ಒಂದು ಪ್ರಯೋಗಾಲಯದ ಇಲಿ ಮೇವು ಬಿಟ್ಟಿತೆಂದು ಓದಿದರೆ ಸಾಕು, ಕನ್ನಡಕ ಏರಿಸಿ, "ಪಾಪ, ಅದ್ಯಾಕ ಸುಳ್ಳ ಹೇಳತೈತಿ?" ಎನ್ನುತ್ತಾರೆ.

ಅವರ ಉದ್ಯೋಗವೇ ಅಂಥದ್ದು. ಪ್ಲಾಸ್ಟಿಕ್ಕು ಮೆತ್ತಗಾಗಿ ಬಾಗಲೆಂದು ಕೆಲವಕ್ಕೆ ಥ್ಯಾಲೇಟ್ ಎಂಬ ಎಣ್ಣೆಯಂಥ ವಸ್ತುವನ್ನು ಬೆರೆಸುತ್ತಾರಂತೆ. ಅದು ಹಾಕಿದ ಜಾಗದಲ್ಲಿ ಸುಮ್ಮನೆ ಕೂಡುವ ಪೈಕಿ ಅಲ್ಲ. ಮೆಲ್ಲಗೆ ಹೊರಬಂದು ಎಣ್ಣೆಗೆ, ತುಪ್ಪಕ್ಕೆ, ಮಕ್ಕಳ ಜೊಲ್ಲಿಗೆ ಸೇರಿಕೊಳ್ಳುತ್ತದೆ. ಎಷ್ಟು ಸೇರಿದರೆ ಮೈ ತಡೆದೀತು, ಎಷ್ಟಾದರೆ ತಡೆಯಲಾರದು ಎಂದು ಮಿತಿ ಹಾಕಿಕೊಡುವುದು ವೈನಿಯ ಕೆಲಸ. ಪುಣೆಯ ನೌಕರಿ ಮುಗಿಸಿ ಅಥಣಿ ರಸ್ತೆಯ ಮನೆಗೆ ಬಂದು ನೆಲೆಸಿದ ಮೇಲೂ ವರದಿಗಳು ಅವರ ಬೆನ್ನು ಬಿಟ್ಟಿಲ್ಲ. ಕೇಳಿ ಕೇಳಿ ವಿಧಾನ ನನಗೂ ಬಾಯಿಪಾಠವಾಗಿದೆ. ಇಲಿಗೆ ಏನೂ ಆಗದ ಪ್ರಮಾಣವನ್ನು ಹಿಡಿ. ಇಲಿ ಬೇರೆ, ಮನುಷ್ಯ ಬೇರೆ ಎಂದು ಹತ್ತರಿಂದ ಭಾಗಿಸು. ಮನುಷ್ಯರಲ್ಲೂ ಪೈಲವಾನರಿದ್ದಾರೆ, ಹಸುಗೂಸುಗಳಿದ್ದಾವೆ ಎಂದು ಮತ್ತೆ ಹತ್ತರಿಂದ ಭಾಗಿಸು. ಮುಗಿಯಿತು.

ಇಲಿಗಳ ಮಟ್ಟಿಗೆ ಮುಗಿಯಿತು, ನಮಗೆಲ್ಲಿ ಮುಗಿಯುತ್ತದೆ? ವೈನಿ ಕಂಡದ್ದನ್ನೆಲ್ಲ ಭಾಗಿಸುತ್ತಾರೆ! ನನ್ನ ಮಗಳಿಗೆ ಟಿಕೋಟಾದ ಸಂಬಂಧ ಬಂದಾಗ, "ಹುಡುಗ ಭಾಳ ಶಾಂತ ರೀ, ಒಂದಿನಾನೂ ದನಿ ಏರಿಸಿದಾಂವ ಅಲ್ಲ" ಎಂದು ನಡುವಿನವನು ಹೊಗಳಿದ. ವೈನಿ ಚಹಾ ಕೊಡುತ್ತಲೇ ಹೇಳಿದರು: "ಹೇಳಾಂವ ನೀನು, ಅದಕ್ಕ ಹತ್ತರಿಂದ ಭಾಗಿಸಿದೆ. ನಿನಗ ಹೇಳಿ ಕಳಿಸಿದಾಕಿ ಅವರವ್ವ, ಮತ್ತ ಹತ್ತು. ಉಳಿದ ಶಾಂತಿನೂ ಸಾಕಾಗತೈತಿ, ನಡೀಲಿ." ಮದುವೆ ನಡೆಯಿತು. ಅಳಿಯನಿಗೆ ಈ ಲೆಕ್ಕ ಇಂದಿಗೂ ಗೊತ್ತಿಲ್ಲ.

ಆ ಮಗಳಿಗೆ ಬಹಳ ವರ್ಷ ಮಕ್ಕಳಾಗಲಿಲ್ಲ. ಎರಡು ಸಲ ಆಸೆ ಹುಟ್ಟಿ ಕೈಬಿಟ್ಟು ಹೋಯಿತು. ಹೋದ ವರ್ಷ ಮತ್ತೆ ದಿನ ನಿಂತಾಗ ಮಗಳು-ಅಳಿಯನನ್ನು ನಮ್ಮಲ್ಲಿಗೇ ಕರೆಸಿಕೊಂಡೆ. ಈ ಕೂಸೊಂದು ಉಳಿಯಲಿ ಎನ್ನುವುದನ್ನು ಬಿಟ್ಟು ಮನೆಯಲ್ಲಿ ಬೇರೆ ಮಾತೇ ಇರಲಿಲ್ಲ. ನಾನು ಕಂಡ ದೇವರಿಗೆಲ್ಲ ಕೈ ಮುಗಿದೆ. ವೈನಿ ಬಟ್ಟೆ ಚೀಲ ಹಿಡಿದು ಅಣ್ಣನ ಸಮೇತ ನಮ್ಮ ಮನೆಗೇ ಬಂದು ಬೀಡುಬಿಟ್ಟರು. "ನೀ ದೇವರನ್ನ ನೋಡ್ಕೋ ತಂಗಿ, ನಾ ಮನೀ ನೋಡ್ಕೋತೀನಿ. ಹೊಟ್ಟ್ಯಾಗಿನ ಮರಿಗೇ ಮೊದಲ ಪೆಟ್ಟು ಬೀಳೂದು. ಇಲಿ ಹೇಳ್ಯಾವ."

ಅವತ್ತೇ ಮನೆ ಜಪ್ತಿ ಶುರುವಾಯಿತು. ಒಂದೊಂದನ್ನೂ ಮೂಸಿ, ಬಗ್ಗಿಸಿ ನೋಡಿ ತೀರ್ಪು! ಟೇಬಲ್ಲಿನ ಹೂವಿನ ಚಿತ್ರದ ಪ್ಲಾಸ್ಟಿಕ್ ಹಾಸು, ಬಚ್ಚಲಿನ ಮೆತ್ತನೆಯ ಚಪ್ಪಲಿ, ಅಳಿಯನ ರೇನ್‌ಕೋಟು ಎಲ್ಲಕ್ಕೂ ಗಡೀಪಾರು. ಉಮೇದು ಬಂದು ನಾನೂ ಒಂದು ಬಕೆಟ್ಟನ್ನು ಅಂಗಳಕ್ಕೆ ಎಸೆದೆ. ವೈನಿ ಗದರಿದರು: "ಅದೇನ ತಪ್ಪ ಮಾಡೇತಿ? ಅದು ಗಟ್ಟಿ ಪ್ಲಾಸ್ಟಿಕ್, ಅದಕ್ಕ ಇದನ್ನ ಹಾಕಿರೂದಿಲ್ಲ. ತಪ್ಪಿಲ್ಲದವರಿಗೆ ಶಿಕ್ಷಾ ಕೊಡಬ್ಯಾಡ!" ಓಣಿಯವರೆಲ್ಲ ನೋಡುತ್ತಿರುವಾಗ ಬಕೆಟ್ಟನ್ನು ಮರ್ಯಾದೆಯಿಂದ ಒಳಗೆ ಕರೆತಂದೆ.

ಬರುವ ಕೂಸಿಗೆಂದು ಸ್ಟೇಷನ್ ರಸ್ತೆಯ ಅಂಗಡಿಗೆ ಆಟಿಕೆ ನೋಡಲು ಹೋದೆವು. ವೈನಿ ಒಂದು ಮೆತ್ತನೆಯ ಬಾತುಕೋಳಿಯನ್ನು ಮೂಗಿಗೆ ಹಿಡಿದು ಕಣ್ಣು ಮುಚ್ಚಿದರು. ಅಂಗಡಿಯ ಚಾಚಾ ಗಾಬರಿಯಾದರು. "ಇದು ಬಾಯಾಗ ಹಾಕ್ಕೊಳ್ಳೂದಲ್ಲ ರೀ ಅಕ್ಕಾರ, ಆಡೂದು."

"ಕೂಸು ಬಾಯಾಗ ಹಾಕ್ಕೊಳ್ಳದ ಮತ್ತೇನ ಮಾಡತೈತ್ರಿ ಚಾಚಾ? ಷೋಕೇಸಿನ್ಯಾಗ ಇಡತೈತೇನು?"

ಕೊಂಡದ್ದು ಕಟ್ಟಿಗೆಯ ಗಿಲಕಿ. ಆದರೆ ಪ್ರಶ್ನೆ ಅವರ ತಲೆಯೊಳಗೆ ಹೊಕ್ಕಿತು. ಕೂಸೊಂದು ದಿನಕ್ಕೆ ಎಷ್ಟು ಹೊತ್ತು ಆಟಿಕೆ ಚೀಪುತ್ತದೆ? ಅದು ತಿಳಿಯದೆ ಮಿತಿ ಹೇಗೆ ಹಾಕುವುದು? ಮರುದಿನವೇ ಪಕ್ಕದ ಮನೆಗೆ ಹೋಗಿ, ಅವರ ಮೊಮ್ಮಗಳ ಎದುರು ಗಡಿಯಾರ ಹಿಡಿದು ಕೂತುಬಿಟ್ಟರು! ಮಾತಿಲ್ಲ, ಕತೆಯಿಲ್ಲ, ರೆಪ್ಪೆಯೂ ಬಡಿಯುವುದಿಲ್ಲ. ಆ ಮನೆಯ ಅಜ್ಜಿ ಎಷ್ಟು ಹೊತ್ತು ತಡೆದಾಳು? "ಯವ್ವಾ, ಹಿಂಗ ನೋಡಿದ್ರ ನಮ್ಮ ಕೂಸು ಉಳದೀತಾ?" ಎಂದು ಉಪ್ಪು, ಒಣಮೆಣಸಿನಕಾಯಿ ನಿವಾಳಿಸಿ ಕೆಂಡಕ್ಕೆ ಹಾಕಿಯೇ ಬಿಟ್ಟಳು. ಘಾಟಿಗೆ ಕೂಸು ಕೆಮ್ಮಿತು, ಅಜ್ಜಿ ಕೆಮ್ಮಿದಳು, ಓಣಿಯೆಲ್ಲ ಕೆಮ್ಮಿತು. ವೈನಿ ಕಣ್ಣೊರೆಸಿಕೊಳ್ಳುತ್ತ ಮನೆಗೆ ಬಂದು ಒಂದೇ ಮಾತು ಕೇಳಿದರು: "ಈ ಹೊಗಿಗೆ ಮಿತಿ ಯಾರ ಹಾಕೂದು?"

ಕುಬಸದ ದಿನ, ಅಂದರೆ ಸೀಮಂತಕ್ಕೆ, ಬುತ್ತಿ ಹೊತ್ತು ಬಬಲೇಶ್ವರದಿಂದ ನಮ್ಮ ಚಿಕ್ಕಪ್ಪನ ಹೆಂಡತಿ ಕಾಕು, ಟಿಕೋಟಾದಿಂದ ಬೀಗರು ಬಂದರು. ಹಿತ್ತಲಲ್ಲಿ ಮಗಳಿಗೆಂದೇ ಶೇಂಗಾ ಹೋಳಿಗೆ ಬೇಯುತ್ತಿತ್ತು. ಆರಲೆಂದು ಬೀಗತಿ ತಾವು ತಂದ ಅಂಥದೇ ಹೊಸ ಹೂವಿನ ಪ್ಲಾಸ್ಟಿಕ್ ಹಾಸನ್ನು ಬಿಡಿಸಿ, ಎಣ್ಣೆ ಸುರಿಯುವ ಬಿಸಿ ಹೋಳಿಗೆಯನ್ನು ಅದರ ಮೇಲೆ ಹರವತೊಡಗಿದರು. ವೈನಿ ಹೌಹಾರಿದರು.

"ತಗೀರಿ ಅದನ್ನ!"

"ಯಾಕ್ರಿ? ಹೊಸಾದೈತಿ, ತೊಳದ ತಂದೇವಿ."

"ತೊಳದ್ರ ಹೋಗೂವಂಥಾದ್ದಲ್ರಿ. ಬಿಸಿ ಐತಿ, ಎಣ್ಣಿ ಐತಿ. ಅದಕ್ಕ ಇನ್ನೇನ ಬೇಕು, ಹೊಂಟ ಬರತೈತಿ!"

ಬೀಗತಿಯ ಮುಖ ಕಪ್ಪಿಟ್ಟಿತು. ವೈನಿಗೆ ಅದು ಕಂಡರೆ ತಾನೇ! ಒಳಗೆ ಓಡಿ ಕೈಗೆ ಸಿಕ್ಕ ಬಿಳಿ ಧೋತರ ತಂದು ಹಾಸಿ, ಹೋಳಿಗೆಗಳನ್ನೆಲ್ಲ ಅದರ ಮೇಲೆ ಮಲಗಿಸಿದರು. ತುಸು ಹೊತ್ತಿಗೆ ಬಚ್ಚಲಿನಿಂದ ಅಣ್ಣನ ದನಿ: "ಏ, ನನ್ನ ಹೊಸಾ ಧೋತರ ಎಲ್ಲಿ ಐತಿ?"

"ಹೋಳಿಗಿ ಉಟಗೊಂಡಾವ, ತಡೀರಿ!"

ಮೊದಲು ನಕ್ಕವರು ಬೀಗತಿಯೇ.

ಆ ನಗು ಇನ್ನೂ ಮನೆಯಲ್ಲಿರುವಾಗಲೇ, ದಿನ ತುಂಬುವುದಕ್ಕೆ ಎಷ್ಟೋ ಮೊದಲು, ಮಗಳಿಗೆ ನೋವು ಬಂತು. ಗಂಡು ಕೂಸು, ಅಂಗೈಯಷ್ಟು. ಆಸ್ಪತ್ರೆಯಲ್ಲಿ ಗಾಜಿನ ಪೆಟ್ಟಿಗೆಯಲ್ಲಿಟ್ಟಿದ್ದರು. ಮೂಗಿಗೊಂದು ಕೊಳವೆ, ಬಾಯಿಗೊಂದು, ಕೈಗೊಂದು, ಎಲ್ಲ ಮೆತ್ತನೆಯವು, ಬಾಗುವಂಥವು. ನನಗೆ ಕೂಸಿನ ಭಯ ಒಂದು ಕಡೆ, ವೈನಿ ಇನ್ನೇನು ಡಾಕ್ಟರ ಜೊತೆ ಜಗಳಕ್ಕೆ ನಿಲ್ಲುತ್ತಾರೆಂಬ ಭಯ ಇನ್ನೊಂದು ಕಡೆ.

ವೈನಿ ಮೆಲ್ಲಗೆ ಕೇಳಿದರು, "ಈ ಕೊಳವಿ ಬ್ಯಾರೆ ನಮೂನಿದು ಸಿಗತಾವೇನ್ರಿ?"

"ಸಿಕ್ಕಷ್ಟು ಬ್ಯಾರೆದ್ದ ಹಾಕೇವ್ರಿ ಮೇಡಂ," ಎಂದರು ಡಾಕ್ಟರು. "ಉಳಿದದ್ದಕ್ಕ ಸದ್ಯ ಬದಲಿ ಇಲ್ರಿ."

"ಇರಲ್ರಿ. ತಗೀಬ್ಯಾಡ್ರಿ."

ಹೊರಗಿನ ಬೆಂಚಿನ ಮೇಲೆ ನನ್ನ ಪಕ್ಕ ಕೂತರು. ತಡೆಯಲಾರದೆ ಕೇಳಿದೆ, "ವೈನಿ, ನಿಮ್ಮ ಮಿತಿ?"

"ದಾಟೇತಿ ತಂಗಿ. ದಾಟಲಿ. ಮಿತಿ ಅನ್ನೂದು ಬದುಕಿದವರಿಗೆ. ಮೊದಲ ಅಂವಾ ಉಸರಾಡ್ಲಿ." ಅಷ್ಟು ಹೇಳಿ ಸೆರಗು ಬಾಯಿಗೆ ಹಿಡಿದು ಅತ್ತುಬಿಟ್ಟರು. "ಇಷ್ಟ ವರ್ಷ ಕೂಸುಗಳ ಸಲುವಾಗಿ ಲೆಕ್ಕಾ ಮಾಡೀನಿ. ಒಂದ ಕೂಸನ್ನೂ ಎತಗೊಂಡಾಕಿ ಅಲ್ಲ ನಾ."

ವೈನಿಗೆ ಮಕ್ಕಳಿಲ್ಲ. ನಮ್ಮ ಮನೆಯಲ್ಲಿ ಆ ಮಾತು ಯಾರೂ ಎತ್ತುತ್ತಿರಲಿಲ್ಲ. ಎತ್ತದಿರುವುದೇ ದೊಡ್ಡತನವೆಂದು ತಿಳಿದಿದ್ದೆವು. ನನಗೂ ಅಳು ಬಂತು. ಇಬ್ಬರೂ ಕೂತು ಅತ್ತೆವು.

ಕೂಸು ಗಟ್ಟಿಗ. ಒಂದೊಂದೇ ಕೊಳವೆ ಕಳಚಿತು. ಮನೆಗೆ ಹೊರಡುವ ದಿನ ನರ್ಸು ಬಿಳಿ ಬಟ್ಟೆಯಲ್ಲಿ ಸುತ್ತಿ ತಂದು, "ಅಜ್ಜಿ ಯಾರ್ರಿ? ಕೈ ಮುಂದ ಮಾಡ್ರಿ" ಎಂದಳು. ಎಷ್ಟು ವರ್ಷ ಕಾದಿದ್ದೆ! ನನ್ನ ಕೈಗಳು ಆಗಲೇ ಮುಂದೆ ಹೋಗಿದ್ದವು. ಹಿಂದಕ್ಕೆ ಎಳೆದುಕೊಂಡು ವೈನಿಯನ್ನು ಮುಂದೆ ನೂಕಿದೆ.

"ಇವರ್ರಿ ಅಜ್ಜಿ."

"ಅಯ್ಯ, ನನಗ ಹಿಡಿಯಾಕ ಬರೂದಿಲ್ಲ!"

"ಬರತೈತಿ, ಹಿಡೀರಿ ವೈನಿ."

ಹಿಡಿದರು. ಕಾರು ಮನೆ ಮುಟ್ಟುವತನಕ ನನ್ನ ಕೈಗೂ ಕೊಡಲಿಲ್ಲ, ಹೆತ್ತವಳ ಕೈಗೂ ಕೊಡಲಿಲ್ಲ!